ವಿದೇಶಿ ನೆರವು ಅರ್ಧಕ್ಕೆ ಇಳಿದಿದೆ: ಚರ್ಚ್ ಸಭೆಯ ಟ್ರಸ್ಟ್ ನಡೆಸುವ ಮಕ್ಕಳ ಮನೆಗೆ ಹಣ ಹೊಂದಿಸೋದು ಹೇಗೆ?

ಗದಗ_ಟ್ರಸ್ಟಿ · 6 ಜುಲೈ 2025

ಗದಗ ಕಡೆಯ ಒಂದು ಪ್ರೊಟೆಸ್ಟೆಂಟ್ ಸಭೆಯ ಚಾರಿಟಬಲ್ ಟ್ರಸ್ಟ್ ನಡೆಸುವ ಗಂಡುಮಕ್ಕಳ ಮನೆಯ ವಿಷಯ. ಬಾಲ ನ್ಯಾಯ ಕಾಯ್ದೆಯಡಿ ನೋಂದಣಿ ಇದೆ. ಮಂಜೂರಾತಿ 50 ಮಕ್ಕಳಿಗೆ, ಈಗ ಇರೋದು 40. ಅದರಲ್ಲಿ 11 ಮಕ್ಕಳಿಗೆ ತಂದೆತಾಯಿ ಇಬ್ಬರೂ ಇಲ್ಲ, 17 ಮಕ್ಕಳಿಗೆ ಒಬ್ಬರೇ, ಉಳಿದ 12 ಮಕ್ಕಳಿಗೆ ಇಬ್ಬರೂ ಇದ್ದಾರೆ, ಬಡತನ ಮತ್ತು ಗುಳೆ ಕಾರಣ.

ತಿಂಗಳ ಖರ್ಚು 3.6 ಲಕ್ಷ: ಸಂಬಳ 1.45 ಲಕ್ಷ, ಊಟ 1.10 ಲಕ್ಷ, ಶಾಲಾ ಫೀಸು ಮತ್ತು ವ್ಯಾನು 55 ಸಾವಿರ, ಕರೆಂಟು, ಗ್ಯಾಸು, ಔಷಧ, ರಿಪೇರಿ ಎಲ್ಲ ಸೇರಿ 50 ಸಾವಿರ. ಇದರಲ್ಲಿ ನೂರಕ್ಕೆ 60 ಜರ್ಮನಿಯ ಒಂದು ಸಭೆಯಿಂದ ಬರ್ತಿತ್ತು. ಅಲ್ಲೂ ಸದಸ್ಯರು ಕಡಿಮೆಯಾಗಿ ಕಾಣಿಕೆ ಇಳಿದಿದೆ, ಏಪ್ರಿಲ್‌ನಿಂದ ಅರ್ಧ ಮಾತ್ರ ಕಳಿಸ್ತಾ ಇದ್ದಾರೆ. ಅಂದರೆ ತಿಂಗಳಿಗೆ 1.08 ಲಕ್ಷ ಕೊರತೆ. ವಿದೇಶಿ ದೇಣಿಗೆ ತಗೊಳ್ಳೋಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತೆ. ಕಾರ್ಪಸ್ (ಮೂಲನಿಧಿ) ಅಂತ 28 ಲಕ್ಷದ ಠೇವಣಿ ಇದೆ.

ಕಮಿಟಿಯಲ್ಲಿ ನಾಲ್ಕು ಅಭಿಪ್ರಾಯ ಬಂದಿದೆ: ಠೇವಣಿ ಮುರಿಯೋಣ, ಮಕ್ಕಳ ಸಂಖ್ಯೆ 25ಕ್ಕೆ ಇಳಿಸೋಣ, ಮಕ್ಕಳ ವಿಡಿಯೊ ಮಾಡಿ ಆನ್‌ಲೈನ್‌ನಲ್ಲಿ ಹಣ ಕೇಳೋಣ, ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಮಾಜಸೇವೆಗೆ ಮೀಸಲಿಟ್ಟ) ಹಣ ಹಿಡಿಯೋಣ. ಇದರಲ್ಲಿ ಯಾವುದು ಮೊದಲು, ಯಾವುದು ಬೇಡವೇ ಬೇಡ? ತಿಳಿದವರು ಹೇಳಿ.

---

ಜಮಾಖರ್ಚು · 6 ಜುಲೈ 2025

ಹೊಸ ಹಣ ಹುಡುಕೋ ಮೊದಲು, ಇರೋ ಬಾಗಿಲು ಮುಚ್ಚಿಕೊಳ್ಳದ ಹಾಗೆ ನೋಡಿ. ನಿಮಗೆ ಈ ವರ್ಷ ಎರಡು ಗಡುವು ಇವೆ. ಎರಡೂ ತಪ್ಪಿದರೆ ಮಿಕ್ಕ ಯಾವ ಸಲಹೆಯೂ ಕೆಲಸಕ್ಕೆ ಬರಲ್ಲ.

ಮೊದಲನೆಯದು ಆದಾಯ ತೆರಿಗೆ. 2021ರಲ್ಲಿ ಮರುನೋಂದಣಿ ಮಾಡಿಸಿದ ಹಳೇ ಟ್ರಸ್ಟ್‌ಗಳಿಗೆ 12ಎಬಿ (ಟ್ರಸ್ಟ್‌ನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ಕಡಿತ) ಎರಡೂ ಐದು ವರ್ಷಕ್ಕೆ ಸಿಕ್ಕಿದ್ದು, 2026ರ ಮಾರ್ಚ್ 31ಕ್ಕೆ ಮುಗಿಯುತ್ತೆ. ನವೀಕರಣದ ಅರ್ಜಿ, ಅಂದರೆ ನಮೂನೆ 10ಎಬಿ, ಆರು ತಿಂಗಳು ಮುಂಚೆ ಹೋಗಬೇಕು. ಕೊನೇ ದಿನ 2025ರ ಸೆಪ್ಟೆಂಬರ್ 30. ಎರಡಕ್ಕೂ ಬೇರೆ ಬೇರೆ ಅರ್ಜಿ. ಹಿಂದಿನ ಎರಡು ವರ್ಷ ವಿನಾಯಿತಿಗೆ ಮುಂಚಿನ ಆದಾಯ 5 ಕೋಟಿ ದಾಟದ ಟ್ರಸ್ಟ್‌ಗೆ 12ಎಬಿ ಈಗ ಹತ್ತು ವರ್ಷಕ್ಕೆ ಸಿಗುತ್ತೆ, 80ಜಿ ಮಾತ್ರ ಐದೇ ವರ್ಷ. ನಿಮ್ಮ ಆದೇಶದ ಪ್ರತಿ ತೆಗೆದು ಯಾವ ವರ್ಷದವರೆಗೆ ಅಂತ ಇವತ್ತೇ ನೋಡಿ.

ಎರಡನೆಯದು ಎಫ್‌ಸಿಆರ್‌ಎ. ನೋಂದಣಿ ಮುಗಿಯೋಕೆ ಕನಿಷ್ಠ ನಾಲ್ಕು ತಿಂಗಳು ಮುಂಚೆ ನಮೂನೆ ಎಫ್‌ಸಿ-3ಸಿ ಹಾಕಿ ಅಂತ ಗೃಹ ಸಚಿವಾಲಯ ಈ ಏಪ್ರಿಲ್‌ನಲ್ಲಿ ಸೂಚನೆ ಕೊಟ್ಟಿದೆ. ನಿಮ್ಮ ಲೆಕ್ಕಕ್ಕೆ ಅದು ನವೆಂಬರ್ 30. ಅವಧಿ ಮುಗಿದ ಮೇಲೆ ಹೊಸ ಹಣ ತಗೊಳ್ಳೋ ಹಾಗಿಲ್ಲ, ಖಾತೆಯಲ್ಲಿ ಉಳಿದದ್ದನ್ನು ಅನುಮತಿ ಇಲ್ಲದೆ ಖರ್ಚು ಮಾಡೋ ಹಾಗೂ ಇಲ್ಲ. ನವೀಕರಣ ಸಿಕ್ಕಿಬೀಳೋದು ಸಾಮಾನ್ಯವಾಗಿ ಸಣ್ಣ ಕಾರಣಕ್ಕೆ: ಪದಾಧಿಕಾರಿ ಬದಲಾಗಿದ್ದು 45 ದಿನದೊಳಗೆ ಎಫ್‌ಸಿ-6ರಲ್ಲಿ ತಿಳಿಸಿಲ್ಲ, ಹಳೇ ವರ್ಷದ ಎಫ್‌ಸಿ-4 (ವಾರ್ಷಿಕ ವಿವರ) ಬಾಕಿ, ವಿದೇಶಿ ಖಾತೆಗೆ ಸ್ಥಳೀಯ ಕಾಣಿಕೆ ಬಿದ್ದು ಬೆರೆತಿದೆ. ಆ ಖಾತೆಯ ಬಡ್ಡಿಯೂ ವಿದೇಶಿ ದೇಣಿಗೆಯೇ, ಅದನ್ನೂ ವಾರ್ಷಿಕ ವಿವರದಲ್ಲಿ ತೋರಿಸಿ. ಆಡಳಿತ ವೆಚ್ಚದ ಮಿತಿ 2020ರ ತಿದ್ದುಪಡಿಯಿಂದ ನೂರಕ್ಕೆ 20. ಕಚೇರಿ ಸಿಬ್ಬಂದಿಯ ಸಂಬಳ ಅದರೊಳಗೆ ಬರುತ್ತೆ. ನೇರವಾಗಿ ಮಕ್ಕಳ ಆರೈಕೆ ಮಾಡೋರ ಸಂಬಳವನ್ನು ಕಾರ್ಯಕ್ರಮದ ವೆಚ್ಚದಲ್ಲಿ ಬರೆಯಬಹುದು. ವಿದೇಶಿ ಹಣ ಅರ್ಧವಾದಾಗ ಕಚೇರಿ ಖರ್ಚು ಹಾಗೇ ಉಳಿದರೆ ಶೇಕಡಾವಾರು ತಾನಾಗೇ ಏರಿ 20 ದಾಟಿಬಿಡುತ್ತೆ. ಈ ವರ್ಷ ನಿಮಗೆ ಆ ಅಪಾಯ ಇದೆ. ಕಚೇರಿ ಸಂಬಳದ ಒಂದು ಪಾಲನ್ನು ಈಗಲೇ ಸ್ಥಳೀಯ ಖಾತೆಗೆ ವರ್ಗಾಯಿಸಿಕೊಳ್ಳಿ.

ಇನ್ನೊಂದು ಮಾತು: ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚೋದು 2020ರಿಂದ ಪೂರ್ತಿ ನಿಷಿದ್ಧ, ಆ ಸಂಸ್ಥೆಗೆ ನೋಂದಣಿ ಇದ್ದರೂ ಸರಿ. "ಪಕ್ಕದ ಡಯಾಸಿಸ್‌ಗೆ ಬಂದ ಹಣದಲ್ಲಿ ನಮಗೂ ಸ್ವಲ್ಪ" ಅನ್ನೋ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಠೇವಣಿಯ ಬಗ್ಗೆ. ಮೊದಲು ಆ 28 ಲಕ್ಷ ಯಾವ ಹಣ ಅಂತ ಪತ್ತೆ ಮಾಡಿ. ದಾನಿ "ಬಡ್ಡಿ ಮಾತ್ರ ಬಳಸಿ" ಅಂತ ಬರೆದುಕೊಟ್ಟಿದ್ದರೆ ಅಸಲು ಮುಟ್ಟುವಂತಿಲ್ಲ. ಬರಹ ಇಲ್ಲದೆ, ಉಳಿಕೆಯನ್ನೇ ಕಮಿಟಿ ಕಾರ್ಪಸ್ ಅಂತ ಕರೆದಿದ್ದರೆ ಅದು ಬೇರೆ ಲೆಕ್ಕ. ತೆರಿಗೆಯಲ್ಲಿ ಕಾರ್ಪಸ್‌ನಿಂದ ಮಾಡಿದ ಖರ್ಚು ನೂರಕ್ಕೆ 85ರ ವಿನಿಯೋಗಕ್ಕೆ (ಆದಾಯದಲ್ಲಿ ಟ್ರಸ್ಟಿನ ಉದ್ದೇಶಕ್ಕೆ ಖರ್ಚು ಮಾಡಬೇಕಾದ ಪಾಲಿಗೆ) ಸೇರಲ್ಲ. ಐದು ವರ್ಷದೊಳಗೆ ವಾಪಸು ತುಂಬಿದಾಗ, ಷರತ್ತುಗಳು ಸರಿ ಇದ್ದರೆ, ಆ ವರ್ಷದ ವಿನಿಯೋಗ ಆಗುತ್ತೆ. ಕೊರತೆಯನ್ನೆಲ್ಲ ಇದರಿಂದಲೇ ತುಂಬಿದರೆ 28 ಲಕ್ಷ 26 ತಿಂಗಳಿಗೆ ಖಾಲಿ, ಜೊತೆಗೆ ಬರ್ತಿದ್ದ ಬಡ್ಡಿಯೂ ಹೋಯ್ತು. ಒಂದೆರಡು ತಿಂಗಳ ಇಕ್ಕಟ್ಟಿಗಾದರೆ ಮುರಿಯೋ ಬದಲು ಠೇವಣಿ ಮೇಲೆ ಓವರ್‌ಡ್ರಾಫ್ಟ್ ಸಾಲ ತಗೊಳ್ಳಿ, ಬಡ್ಡಿ ವ್ಯತ್ಯಾಸ ಸಣ್ಣದು. ಯಾವುದಕ್ಕೂ ಆಡಿಟರ್ ಸಹಿ ಮೊದಲು, ಬ್ಯಾಂಕ್ ಆಮೇಲೆ.

ಧಾರ್ಮಿಕ ಸಂಸ್ಥೆಗಳು ಜಾರೋ ಜಾಗ ಇಲ್ಲಿದೆ. 80ಜಿ ಇರೋ ಟ್ರಸ್ಟ್ ಧಾರ್ಮಿಕ ಸ್ವರೂಪದ ಖರ್ಚನ್ನು ಆ ವರ್ಷದ ಆದಾಯದ ನೂರಕ್ಕೆ 5ರವರೆಗೆ ಮಾತ್ರ ಮಾಡಬಹುದು. ಪಾಸ್ಟರ್ ಸಂಬಳ, ಪ್ರಾರ್ಥನಾ ಮಂದಿರದ ಸುಣ್ಣಬಣ್ಣ, ಕನ್ವೆನ್ಷನ್ ಶಾಮಿಯಾನ ಮಕ್ಕಳ ಮನೆಯ ಪುಸ್ತಕದಲ್ಲಿ ಕಾಣಬಾರದು, ಅವು ಸಭೆಯ ಲೆಕ್ಕ. ಟ್ರಸ್ಟ್ ಡೀಡ್‌ನಲ್ಲಿ "ಕ್ರೈಸ್ತ ಮಕ್ಕಳಿಗೆ" ಅಂತ ಇದ್ದರೆ ಇನ್ನೂ ಕಷ್ಟ. ಒಂದೇ ಧರ್ಮದ ಸಮುದಾಯದ ಹಿತಕ್ಕೆ ಅಂತ ಕಟ್ಟಿದ ಚಾರಿಟಬಲ್ ಟ್ರಸ್ಟ್‌ಗೆ ವಿನಾಯಿತಿಯೇ ಸಿಗದಿರಬಹುದು. ನವೀಕರಣದಲ್ಲಿ ಅಧಿಕಾರಿ ಮೊದಲು ಓದೋದು ಈ ಸಾಲನ್ನೇ.

ಸ್ಥಳೀಯ ದಾನ ಯಾಕೆ ಇಳೀತು ಅಂತ ಬಹಳ ಜನ ಕೇಳ್ತಾರೆ. ಒಂದು ಕಾರಣ ಸರಳ: 2023-24ರಿಂದ ಹೊಸ ತೆರಿಗೆ ಪದ್ಧತಿ ತಾನಾಗೇ ಅನ್ವಯ ಆಗುತ್ತೆ, ಅದರಲ್ಲಿ 80ಜಿ ಕಡಿತ ಇಲ್ಲ. ಸಂಬಳದಾರರಿಗೆ "ತೆರಿಗೆ ಉಳಿಯುತ್ತೆ" ಅಂತ ಹೇಳಿ ಮಾರ್ಚ್‌ನಲ್ಲಿ ಕೇಳೋ ಕಾಲ ಹೋಯ್ತು. ಹಳೇ ಪದ್ಧತಿಯಲ್ಲೇ ಉಳಿದವರನ್ನು ಬೇರೆ ಪಟ್ಟಿ ಮಾಡಿ, ಅವರಿಗೆ ಮಾತ್ರ ಆ ಪತ್ರ ಕಳಿಸಿ. 10ಬಿಡಿ, ಅಂದರೆ 80ಜಿ ದಾನಿಗಳ ಪಟ್ಟಿ ಸಲ್ಲಿಸೋ ಗಡುವು ಮೇ 31ಕ್ಕೇ ಮುಗಿದಿದೆ, ಹಾಕಿಲ್ಲ ಅಂದರೆ ದಿನಕ್ಕೆ 200 ರೂಪಾಯಿ ಶುಲ್ಕ ಓಡ್ತಾ ಇದೆ.

---

ವಾತ್ಸಲ್ಯ_ಧಾರವಾಡ · 7 ಜುಲೈ 2025

ಲೆಕ್ಕ ಮೇಲಿನವರು ಹೇಳಿದ್ದಾರೆ. ನಾನು ಮಕ್ಕಳ ಸಂಖ್ಯೆ ಮತ್ತು ವಿಡಿಯೊ ಬಗ್ಗೆ ಹೇಳ್ತೀನಿ.

ವಿಡಿಯೊ ಬೇಡವೇ ಬೇಡ. ಬಾಲ ನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ರಕ್ಷಣೆ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸೋ ಹಾಗಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪೋಷಕರ ಒಪ್ಪಿಗೆ ಇದೆ ಅನ್ನೋ ಕಾಗದ ಇಲ್ಲಿ ನಿಲ್ಲಲ್ಲ. ಮುಖಕ್ಕೆ ಮಸುಕು ಹಾಕಿ, ಶಾಲಾ ಯೂನಿಫಾರಂ ಬ್ಯಾಡ್ಜ್ ಕಾಣೋ ಹಾಗೆ ಬಿಡೋದೂ ತಪ್ಪೇ. ಜರ್ಮನಿಗೆ ಕಳಿಸೋ ವಾರ್ಷಿಕ ವರದಿಯಲ್ಲಿ "ಈ ಹುಡುಗನ ತಂದೆ ಕುಡಿದು ಸತ್ತ" ಅಂತ ಫೋಟೊ ಸಮೇತ ಬರೆಯೋ ಅಭ್ಯಾಸ ಎಷ್ಟೋ ಕಡೆ ಇದೆ, ಅದನ್ನೂ ನಿಲ್ಲಿಸಿ. ಅಡಿಗೆಮನೆ, ಪುಸ್ತಕದ ಕಪಾಟು, ಮಂಚಗಳ ಸಾಲು, ಖರ್ಚಿನ ಪಟ್ಟಿ: ಇಷ್ಟರಲ್ಲೇ ಒಳ್ಳೇ ಮನವಿ ಮಾಡಬಹುದು. "ಒಂದು ಮಗುವನ್ನು ದತ್ತು ತೆಗೆದುಕೊಳ್ಳಿ" ಅನ್ನೋ ಮಾತೂ ಬೇಡ. ದತ್ತು ಅನ್ನೋದು ಬೇರೆಯೇ ಕಾನೂನು ಪ್ರಕ್ರಿಯೆ. ಆ ಸಾಲು ನೋಡಿಯೇ ತನಿಖೆಗೆ ಬರ್ತಾರೆ.

ಮಕ್ಕಳ ಸಂಖ್ಯೆ 25ಕ್ಕೆ ಇಳಿಸಿದರೆ ಕೊರತೆ ನೀಗುತ್ತೆ ಅನ್ನೋದು ನಿಮ್ಮದೇ ಅಂಕಿಯಲ್ಲಿ ಸುಳ್ಳಾಗುತ್ತೆ. ಊಟದ 1.10 ಲಕ್ಷವನ್ನು 40ರಿಂದ ಭಾಗಿಸಿದರೆ ಮಗುವಿಗೆ ತಿಂಗಳಿಗೆ 2,750. ಹದಿನೈದು ಮಕ್ಕಳು ಹೋದರೆ ಊಟದಲ್ಲಿ ಉಳಿಯೋದು 41 ಸಾವಿರ, ಫೀಸಿನಲ್ಲಿ ಸ್ವಲ್ಪ. ಸಂಬಳ ಇಳಿಯಲ್ಲ, ರಾತ್ರಿ ಪಾಳಿಗೆ 40 ಮಕ್ಕಳಿದ್ದರೂ ಜನ ಬೇಕು, 25 ಇದ್ದರೂ ಬೇಕು. ಕೊರತೆ ಪೂರ್ತಿ ತುಂಬಲ್ಲ. ಇನ್ನು ಕಮಿಟಿ ಠರಾವು ಮಾಡಿ ಮಕ್ಕಳನ್ನು ಮನೆಗೆ ಕಳಿಸೋ ಅಧಿಕಾರ ನಿಮಗಿಲ್ಲ. ಮಗು ನಿಮ್ಮಲ್ಲಿರೋದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದ, ಹೋಗೋದೂ ಅದರ ಆದೇಶದಿಂದಲೇ.

ಆದರೆ ಆ 12 ಮಕ್ಕಳ ವಿಷಯ ಹಣದ ಲೆಕ್ಕದಿಂದ ಹೊರಗಿಟ್ಟು ನೋಡಲೇಬೇಕು. ಸಂಸ್ಥೆಯಲ್ಲಿ ಇಡೋದು ಕೊನೆಯ ಉಪಾಯ ಅಂತ ಕಾಯ್ದೆಯ ಕಲಂ 3ರಲ್ಲೇ ಇದೆ. ತಂದೆತಾಯಿ ಇಬ್ಬರೂ ಇದ್ದು ಬಡತನ ಒಂದೇ ಕಾರಣವಾದರೆ ಮಗು ಅಲ್ಲಿ ಯಾಕಿದೆ ಅಂತ ಮುಂದಿನ ತಪಾಸಣೆಯಲ್ಲಿ ಕೇಳ್ತಾರೆ. ಕ್ರಮ ಹೀಗೆ: ಪ್ರತಿ ಮಗುವಿನ ವೈಯಕ್ತಿಕ ಆರೈಕೆ ಯೋಜನೆ, ನಮೂನೆ 7, ಹೊಸದಾಗಿ ಬರೆಸಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಕೊಟ್ಟು ಮನೆ ಭೇಟಿ, ಸಾಮಾಜಿಕ ತನಿಖಾ ವರದಿ ಮಾಡಿಸಿ. ಯಾರು ಮನೆಗೆ ಹೋಗಬಹುದು ಅನ್ನೋದು ಸಮಿತಿ ತೀರ್ಮಾನಿಸುತ್ತೆ.

ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಕುಟುಂಬದಲ್ಲಿ ಬೆಳೆಯೋ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ವಿಧವೆ ಅಥವಾ ಪರಿತ್ಯಕ್ತ ತಾಯಿ, ಸಂಬಂಧಿಕರ ಮನೆಯಲ್ಲಿರೋ ಅನಾಥ ಮಗು, ಗಂಭೀರ ಕಾಯಿಲೆಯ ಅಥವಾ ದುಡಿಯಲಾಗದ ತಂದೆತಾಯಿ, ಇವರಿಗೆ ಆದ್ಯತೆ. ಅಂದರೆ ನಿಜವಾಗಿ ಉಪಯೋಗ ಆಗೋದು ನಿಮ್ಮ 17 ಮಕ್ಕಳ ಗುಂಪಿಗೆ. ಗಟ್ಟಿಮುಟ್ಟಾದ ತಂದೆತಾಯಿ ಇರೋ 12ರ ಗುಂಪಿಗೆ ಸಿಗೋದು ಕಷ್ಟ. ಇದನ್ನು ತಿಳಿಯದೆ "ಸರ್ಕಾರ 4,000 ಕೊಡುತ್ತೆ, ಕರ್ಕೊಂಡು ಹೋಗಿ" ಅಂತ ಪೋಷಕರಿಗೆ ಹೇಳಬೇಡಿ. ಆಧಾರ್, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ ಮೂರೂ ಮೊದಲು ಮಾಡಿಸಿ. ಹೆಸರಿನ ಅಕ್ಷರ ಆಧಾರ್‌ನಲ್ಲೊಂದು ಖಾತೆಯಲ್ಲೊಂದು ಇದ್ದರೆ ಹಣ ತಿಂಗಳಾನುಗಟ್ಟಲೆ ನಿಲ್ಲುತ್ತೆ. ಮಗುವನ್ನು ಮನೆಗೆ ಸೇರಿಸೋದು ಏಪ್ರಿಲ್–ಮೇ ರಜೆಯಲ್ಲಿ ಆಗಬೇಕು, ನಡುವರ್ಷದಲ್ಲಿ ಶಾಲೆ ಬಿಡಿಸಿದರೆ ಆ ಹುಡುಗ ಗುಳೆ ಹೋದವರ ಜೊತೆ ಕೆಲಸಕ್ಕೆ ಹೋಗ್ತಾನೆ.

ಸಂಸ್ಥೆಗೇ ಸರ್ಕಾರಿ ಅನುದಾನ ಕೇಳಬಹುದಾ ಅಂದರೆ, ಕೇಳಬಹುದು. ಮಿಷನ್ ವಾತ್ಸಲ್ಯದಲ್ಲಿ ಸಂಸ್ಥೆಯ ಮಗುವಿಗೆ ನಿರ್ವಹಣಾ ವೆಚ್ಚ ತಿಂಗಳಿಗೆ 3,000. ಆದರೆ ಕಂತುಗಳಲ್ಲಿ ಬರುತ್ತೆ, ಬಳಕೆ ಪ್ರಮಾಣಪತ್ರ ಸರಿ ಇಲ್ಲದಿದ್ದರೆ ನಿಲ್ಲುತ್ತೆ, ಹೊಸ ಸಂಸ್ಥೆಯನ್ನು ಸೇರಿಸೋದು ರಾಜ್ಯದ ವಾರ್ಷಿಕ ಯೋಜನೆಯ ಮೇಲೆ ನಿಂತಿದೆ. ಈ ವರ್ಷದ ಕೊರತೆಗೆ ಅದನ್ನು ನಂಬಬೇಡಿ.

ಕೊನೇದಾಗಿ ಒಂದು ಗೆರೆ ಈಗಲೇ ಹಾಕಿಕೊಳ್ಳಿ. ಕೈಯಲ್ಲಿರೋ ಹಣ ಮೂರು ತಿಂಗಳ ಖರ್ಚಿಗೆ ಇಳಿದ ದಿನ ಜಿಲ್ಲಾ ಘಟಕಕ್ಕೆ ಮತ್ತು ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತವಾಗಿ ತಿಳಿಸೋದು ಅಂತ ಠರಾವು ಮಾಡಿ. ಅಕ್ಕಿ ಮುಗಿದ ಮೇಲೆ ಹೇಳಿದರೆ ಮಕ್ಕಳನ್ನು ಎಲ್ಲಿ ಜಾಗ ಇದೆಯೋ ಅಲ್ಲಿಗೆ ಚದುರಿಸ್ತಾರೆ, ಅಣ್ಣತಮ್ಮಂದಿರು ಬೇರೆ ಬೇರೆ ಜಿಲ್ಲೆಗೆ ಹೋಗ್ತಾರೆ.

---

ಉಗ್ರಾಣ · 7 ಜುಲೈ 2025

ಊಟಕ್ಕೆ 1.10 ಲಕ್ಷ ಅಂದರೆ ಮಗುವಿಗೆ ದಿನಕ್ಕೆ ಹತ್ತಿರ ಹತ್ತಿರ 92 ರೂಪಾಯಿ. ಕಡಿಮೆಯೇನಲ್ಲ, ಜಾಸ್ತಿಯೂ ಅಲ್ಲ. ಸರಿಯಾ ತಪ್ಪಾ ಅಂತ ತಿಳಿಯೋಕೆ ರೂಪಾಯಿ ಬಿಟ್ಟು ತೂಕ ನೋಡಿ.

ಬಾಲ ನ್ಯಾಯ ಮಾದರಿ ನಿಯಮ 2016ರ ಆಹಾರ ಪ್ರಮಾಣ ಹೀಗಿದೆ: ದಿನಕ್ಕೆ ಧಾನ್ಯ 600 ಗ್ರಾಂ (16ರಿಂದ 18 ವಯಸ್ಸಿಗೆ 700), ಬೇಳೆಕಾಳು 120, ಎಣ್ಣೆ 25, ಸೊಪ್ಪು 100, ಬೇರೆ ತರಕಾರಿ 130, ಮೊಸರು 100 ಗ್ರಾಂ. ನಲವತ್ತು ಮಕ್ಕಳಿಗೆ ದಿನಕ್ಕೆ ಧಾನ್ಯ 24 ಕೆಜಿ, ಬೇಳೆ 4.8, ಎಣ್ಣೆ 1, ತರಕಾರಿ 9.2, ಮೊಸರು 4 ಕೆಜಿ. ತಿಂಗಳಿಗೆ ಧಾನ್ಯ 720, ಬೇಳೆ 144, ಎಣ್ಣೆ 30 ಕೆಜಿ. ನಿಮ್ಮ ದಾಸ್ತಾನು ಪುಸ್ತಕ ತೆಗೆದು ಇದರ ಪಕ್ಕ ಇಡಿ. ಎಣ್ಣೆ ಮೊದಲು ನೋಡಿ: 15 ಕೆಜಿಯ ಟಿನ್ ತಿಂಗಳಿಗೆ ಎರಡು ಸಾಕು. ಮೂರು ಹೋಗ್ತಾ ಇದ್ದರೆ ಒಂದೋ ಸಂಜೆ ತಿಂಡಿ ಕರಿದದ್ದೇ ಆಗ್ತಿದೆ, ಇಲ್ಲ ಟಿನ್ ಹಿಂಬಾಗಿಲಿಂದ ಹೋಗ್ತಿದೆ. ಬೇಳೆ 144ಕ್ಕಿಂತ ಬಹಳ ಕಡಿಮೆ ಇದ್ದರೆ ಅದು ಉಳಿತಾಯ ಅಲ್ಲ, ಮಕ್ಕಳು ನೀರು ಸಾರು ಉಣ್ತಿದ್ದಾರೆ. ಕೊರತೆ ಬಂದಾಗ ಮೊದಲು ಸದ್ದಿಲ್ಲದೆ ಇಳಿಯೋದು ಬೇಳೆ, ಮೊಟ್ಟೆ, ಮೊಸರು. ಕಮಿಟಿಯವರು ಇದನ್ನು ತಿಂಗಳಿಗೊಮ್ಮೆ ತೂಕದಲ್ಲಿ ನೋಡಬೇಕು.

ಅಡಿಗೆಯವರಿಗೆ ಸಾಮಾನು ವಾರದ ಲೆಕ್ಕದಲ್ಲಿ ಕೊಡಬೇಡಿ. ದಿನಾ ಸಂಜೆ ಮರುದಿನದ್ದು ತೂಗಿ ಕೊಡಿ, ಅವತ್ತಿನ ಹಾಜರಿ ಸಂಖ್ಯೆ ಅದೇ ಸಾಲಿನಲ್ಲಿ ಬರೆಯಿರಿ. ತಟ್ಟೆಯಲ್ಲಿ ಉಳಿದದ್ದನ್ನು ಒಂದು ವಾರ ತೂಗಿದರೆ ಯಾವ ದಿನದ ಯಾವ ಅಡಿಗೆ ಚೆಲ್ಲುತ್ತಾರೆ ಅಂತ ಗೊತ್ತಾಗುತ್ತೆ.

ನೀವು ಬರೆದ 55 ಸಾವಿರದ ಫೀಸು–ವ್ಯಾನು ಸಾಲು ನನ್ನ ಕಣ್ಣಿಗೆ ಬಿತ್ತು. ಮಕ್ಕಳು ಖಾಸಗಿ ಶಾಲೆಗೆ ಹೋಗ್ತಿದ್ದರೆ ಎರಡು ನಷ್ಟ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ 1ರಿಂದ 10ರವರೆಗೆ ಮಧ್ಯಾಹ್ನದ ಬಿಸಿಯೂಟ ಇದೆ, ಹಾಲಿದೆ, ಮೊಟ್ಟೆ ಅಥವಾ ಬಾಳೆಹಣ್ಣು 2024ರಿಂದ ವಾರಕ್ಕೆ ಆರು ದಿನ ಆಗಿದೆ. ಬಿಸಿಯೂಟದ ಪ್ರಮಾಣ 5ನೇ ತರಗತಿವರೆಗೆ ಧಾನ್ಯ 100 ಗ್ರಾಂ ಬೇಳೆ 20, ಮೇಲಿನವರಿಗೆ 150 ಮತ್ತು 30. ಅರ್ಧರ್ಧ ಮಕ್ಕಳು ಅಂತ ಹಿಡಿದರೂ ದಿನಕ್ಕೆ 5 ಕೆಜಿ ಧಾನ್ಯ, 1 ಕೆಜಿ ಬೇಳೆ; 220 ಶಾಲಾ ದಿನಕ್ಕೆ 1,100 ಕೆಜಿ ಧಾನ್ಯ, 220 ಕೆಜಿ ಬೇಳೆ. ಫೀಸು, ಪುಸ್ತಕ, ಯೂನಿಫಾರಂ ಉಳಿಯೋದು ಬೇರೆ. 9, 10ನೇ ತರಗತಿಯವರನ್ನು ಈಗ ಅಲುಗಾಡಿಸಬೇಡಿ. ಚಿಕ್ಕ ತರಗತಿಯಿಂದ ಮುಂದಿನ ಜೂನ್‌ಗೆ ಶುರು ಮಾಡಿ. ಇಂಗ್ಲಿಷ್ ಮೀಡಿಯಂ ಅಂತ ಕಮಿಟಿಯಲ್ಲಿ ಗಲಾಟೆ ಆಗುತ್ತೆ, ಆಗಲಿ.

ಖರೀದಿ. ತೊಗರಿ ಹೊಸ ಮಾಲು ಕಲಬುರಗಿ ಕಡೆಯಿಂದ ಡಿಸೆಂಬರ್ ಕೊನೆಗೆ ಬರೋಕೆ ಶುರು, ಜನವರಿ–ಫೆಬ್ರವರಿಯಲ್ಲಿ ಕೊಳ್ಳಿ. ಬೇಳೆಯ ಅರ್ಧ ತೊಗರಿ ಅಂದರೆ ತಿಂಗಳಿಗೆ 72 ಕೆಜಿ, ಆರು ತಿಂಗಳಿಗೆ 432. ಒಣಗಿಸದೆ ಡ್ರಮ್ಮಿಗೆ ತುಂಬಿದರೆ ಹುಳ ಬಿದ್ದು ಎಲ್ಲ ಹೋಗುತ್ತೆ, ಎರಡು ದಿನ ಬಿಸಿಲಿಗೆ ಹಾಕಿ ಆರಿದ ಮೇಲೆ ತುಂಬಿ. ಹಿಂಗಾರಿ ಜೋಳ ಫೆಬ್ರವರಿ–ಮಾರ್ಚ್. ನಿಮ್ಮ ಭಾಗದಲ್ಲಿ ಜೋಳ ಸಿಗೋದು ಕಷ್ಟ ಅಲ್ಲ, ರೊಟ್ಟಿ ಬಡಿಯೋ ಕೈ ಸಿಗೋದು ಕಷ್ಟ. ದಿನಕ್ಕೆ 120 ರೊಟ್ಟಿ ಒಬ್ಬ ಅಡಿಗೆಯವರಿಂದ ಆಗಲ್ಲ. ವಾರಕ್ಕೆ ಮೂರು ದಿನ ಸ್ವಸಹಾಯ ಸಂಘದವರಿಗೆ ಹಿಟ್ಟು ಕೊಟ್ಟು ರೊಟ್ಟಿ ತಗೊಳ್ಳೋ ಲೆಕ್ಕ ಮಾಡಿ ನೋಡಿ.

ಕರೆಂಟ್ ಬಿಲ್ಲಿನಲ್ಲಿ ಯಾವ ವರ್ಗದ ದರ ಹಾಕಿದ್ದಾರೆ ಅಂತಲೂ ನೋಡಿ. ವಾಣಿಜ್ಯ ವರ್ಗದಲ್ಲಿದ್ದರೆ ನೋಂದಣಿ ಪತ್ರ ಲಗತ್ತಿಸಿ ಬದಲಾವಣೆಗೆ ಅರ್ಜಿ ಕೊಡಿ.

---

ಗದಗ_ಟ್ರಸ್ಟಿ · 8 ಜುಲೈ 2025

ಎಲ್ಲರಿಗೂ ಧನ್ಯವಾದ. ಕಾರ್ಪಸ್‌ನಲ್ಲಿ 9 ಲಕ್ಷಕ್ಕೆ ಮಾತ್ರ ದಾನಿಗಳ ಪತ್ರ ಇದೆ, ಉಳಿದದ್ದು ಹಳೇ ಉಳಿಕೆ. 12ಎಬಿ 2026ರ ಮಾರ್ಚ್‌ಗೇ ಮುಗಿಯುತ್ತೆ, ಆಡಿಟರ್‌ಗೆ ಹೇಳಿದೆ.

ಇನ್ನೆರಡು ಪ್ರಶ್ನೆ. ಸಭೆಯಲ್ಲಿ ಸುಮಾರು 120 ಕುಟುಂಬ ಇವೆ, ಅರ್ಧ ಕೂಲಿಯವರು. ಹಿಂದೆ ಹೆಂಗಸರು ಹಿಡಿ ಅಕ್ಕಿ ಕೂಡಿಡ್ತಿದ್ದರು, ಅದನ್ನು ಮತ್ತೆ ಶುರು ಮಾಡಿದರೆ ಪ್ರಯೋಜನ ಇದೆಯಾ? ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಇರೋ ಊರಿನವರು ಕೊಡ್ತೀವಿ ಅಂತಾರೆ, ಯಾವ ಖಾತೆಗೆ ಹಾಕಿಸಬೇಕು?

---

ಬಂದರು_ಮಂಗಳೂರು · 8 ಜುಲೈ 2025

ಹೊರದೇಶದವರ ವಿಷಯದಲ್ಲಿ ನೋಡಬೇಕಾದ್ದು ಪಾಸ್‌ಪೋರ್ಟ್, ಊರಲ್ಲ. ಭಾರತದ ಪಾಸ್‌ಪೋರ್ಟ್ ಇರೋ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ, ಸ್ಥಳೀಯ ಖಾತೆಗೆ ಬರಬಹುದು. ಕುವೈತ್, ದುಬೈನವರು ಬಹುತೇಕ ಈ ಗುಂಪು. ಅಮೆರಿಕದ ಪೌರತ್ವ ತಗೊಂಡವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರದ್ದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ಊರಿಗೆ ಬಂದಾಗ ಅಣ್ಣನ ಕೈಲಿ ಕೊಟ್ಟು ಅಣ್ಣನ ಹೆಸರಲ್ಲಿ ರಸೀದಿ ಹಾಕಿಸೋ ಪದ್ಧತಿ ಇದೆಯಲ್ಲ, ನೋಂದಣಿ ಹೋಗೋದು ಅದರಿಂದಲೇ. ಪ್ರತಿ ಅನಿವಾಸಿಯಿಂದ ಪಾಸ್‌ಪೋರ್ಟ್ ಪ್ರತಿ ಮತ್ತು ಸ್ವಂತ ಹಣ ಅನ್ನೋ ಒಂದು ಸಾಲಿನ ಘೋಷಣೆ ವರ್ಷಕ್ಕೊಮ್ಮೆ ತಗೊಳ್ಳಿ. ನಡುವೆ ಪೌರತ್ವ ಬದಲಾಗಿರುತ್ತೆ.

ಹಿಡಿ ಅಕ್ಕಿ ಶುರು ಮಾಡಿ. ದಿನಕ್ಕೆ 50 ಗ್ರಾಂ ಅಂದರೆ ಮನೆಗೆ ತಿಂಗಳಿಗೆ ಒಂದೂವರೆ ಕೆಜಿ, ನೂರು ಮನೆಯಿಂದ 150 ಕೆಜಿ. ತೊಂದರೆ ಇರೋದು ಬೆರಕೆಯಲ್ಲಿ. ಸೋನಾ ಮಸೂರಿ, ರೇಷನ್ ಅಕ್ಕಿ, ಕುಚ್ಚಲು ಎಲ್ಲ ಒಂದೇ ಚೀಲಕ್ಕೆ ಬಿದ್ದರೆ ಒಂದು ಕರಗಿ ಇನ್ನೊಂದು ಬೇಯದೆ ಉಳಿಯುತ್ತೆ. ಮೂರು ಡಬ್ಬಿ ಇಟ್ಟು ಬೇರೆ ಬೇರೆ ತಗೊಳ್ಳಿ, ಬೆರೆತದ್ದನ್ನು ದೋಸೆ–ಇಡ್ಲಿ ಹಿಟ್ಟಿಗೆ ಕಳಿಸಿ. ತಿಂಗಳಿಗಿಂತ ಹೆಚ್ಚು ದಿನ ಮನೆಗಳಲ್ಲಿ ಬಿಡಬೇಡಿ. ರೇಷನ್ ಅಕ್ಕಿ ಕೊಳ್ಳೋದು ಮಾತ್ರ ಬೇಡ, ಅದು ಅಪರಾಧ.

ಹಣಕ್ಕೆ ಬಂದರೆ, ಕೂಲಿಯವರನ್ನು ಬಿಟ್ಟು ಉಳಿದ 60 ಮನೆಯಿಂದ ಸರಾಸರಿ 400 ಅಂದರೆ 24 ಸಾವಿರ. ಯುಪಿಐ ಆಟೋಪೇ ಹಾಕಿಸಿ, 15,000ದವರೆಗೆ ಪ್ರತಿ ಸಲ ಪಿನ್ ಬೇಡ. ದಿನಾಂಕ ತಿಂಗಳ 5ರಿಂದ 7ರ ಒಳಗೆ ಇರಲಿ. 25ನೇ ತಾರೀಕು ಇಟ್ಟರೆ ಖಾತೆ ಖಾಲಿ ಇದ್ದು ತಿರಸ್ಕೃತ ಆಗುತ್ತೆ, ಎರಡು ಸಲ ಹಾಗಾದರೆ ಜನ ಅದನ್ನು ರದ್ದು ಮಾಡ್ತಾರೆ. ಹಣವನ್ನು ಒಂದೊಂದು ಮಗುವಿನ ಹೆಸರಿಗೆ ಕಟ್ಟಬೇಡಿ, "ಒಂದು ದಿನದ ಬೇಳೆ", "ಒಂದು ತಿಂಗಳ ಗ್ಯಾಸು" ಅಂತ ಖರ್ಚಿನ ಸಾಲಿಗೆ ಕಟ್ಟಿ.

ಹುಟ್ಟುಹಬ್ಬದ ಊಟ ಕೊಡೋರು ಎಲ್ಲ ಭಾನುವಾರಕ್ಕೇ ಬರ್ತಾರೆ, ಕ್ರಿಸ್ಮಸ್ ವಾರದಲ್ಲಿ ದಿನಕ್ಕೆ ಮೂರು ಬಿರಿಯಾನಿ, ಜೂನ್–ಜುಲೈ ಖಾಲಿ. ಕ್ಯಾಲೆಂಡರ್ ಮಾಡಿ ಭಾನುವಾರಕ್ಕೆ ದರ ಹೆಚ್ಚು, ವಾರದ ಬೆಳಗಿನ ಉಪ್ಪಿಟ್ಟಿಗೆ ಕಡಿಮೆ ಇಡಿ. ಬೇಯಿಸಿದ ಅಡಿಗೆ ಹೊರಗಿಂದ ಬೇಡ, ಮದುವೆ ಛತ್ರದ ಉಳಿಕೆ ಅಂತೂ ಬೇಡವೇ ಬೇಡ.

ಸಿಎಸ್‌ಆರ್‌ಗೆ ಬೆಂಗಳೂರಿನ ದೊಡ್ಡ ಹೆಸರುಗಳ ಹಿಂದೆ ಓಡಬೇಡಿ. ಅನಾಥ ಮಕ್ಕಳ ಮನೆ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸ್ಪಷ್ಟವಾಗೇ ಇದೆ. ಅಕ್ಕಪಕ್ಕದ ಜಿಲ್ಲೆಯ ಸಕ್ಕರೆ, ಸಿಮೆಂಟ್, ಗಾಳಿ ವಿದ್ಯುತ್ ಕಂಪನಿಗಳನ್ನು ಕೇಳಿ. ನಮೂನೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇಲ್ಲದೆ ಒಂದು ರೂಪಾಯಿಯೂ ಬರಲ್ಲ. ಸಂಬಳ, ಬೇಳೆಗೆ ಅವರು ಕೊಡೋದು ಅಪರೂಪ. ಸೋಲಾರ್ ಬಿಸಿನೀರು, ಮಂಚ, ಶೌಚಾಲಯ, ಬೋರ್‌ವೆಲ್ ಪಂಪು ಅಂತ 1ರಿಂದ 5 ಲಕ್ಷದ ಕೊಟೇಶನ್ ಸಿದ್ಧ ಇಟ್ಟುಕೊಂಡು ಜನವರಿಯಲ್ಲಿ ಹೋಗಿ, ಮಾರ್ಚ್ ಒಳಗೆ ಖರ್ಚು ತೋರಿಸೋ ಅವಸರ ಅವರಿಗೇ ಇರುತ್ತೆ.

---

ಯತೀಮ್‌ಖಾನಾ_ಹುಬ್ಬಳ್ಳಿ · 9 ಜುಲೈ 2025

ಬೇರೆ ಧರ್ಮದ ಮನೆಯಾದರೂ ತೊಂದರೆ ಒಂದೇ, ಹಣ ಋತುವಿನಲ್ಲಿ ಬರುತ್ತೆ, ಹಸಿವು ವರ್ಷವಿಡೀ. ಯತೀಮ್‌ಖಾನೆಗಳಿಗೆ (ಮುಸ್ಲಿಂ ಅನಾಥಾಲಯಗಳಿಗೆ) ಆದಾಯದ ದೊಡ್ಡ ಪಾಲು ರಂಜಾನ್‌ನಲ್ಲೇ. ಜಕಾತ್ (ಕಡ್ಡಾಯ ದಾನ) ಹಣವನ್ನು ಕಟ್ಟಡಕ್ಕೆ, ಸಂಬಳಕ್ಕೆ ಹಾಕೋದನ್ನು ಹನಫಿ ಪಂಥದ ಧರ್ಮಪಂಡಿತರು ಒಪ್ಪಲ್ಲ, ಅದು ಬಡ ಮಗುವಿನ ಕೈಗೇ ಸೇರಬೇಕು. ಸ್ವಇಚ್ಛೆಯ ದಾನವಾದ ಸದಕಾ ಮತ್ತು ಲಿಲ್ಲಾಹ್ ಹಣಕ್ಕೆ ಆ ಕಟ್ಟು ಇಲ್ಲ. ಹಾಗಾಗಿ ಎರಡು ಪುಸ್ತಕ, ಎರಡು ಖಾತೆ, ರಸೀದಿಯ ಬಣ್ಣವೂ ಬೇರೆ. ನಿಮ್ಮಲ್ಲೂ ಕೊಯ್ಲಿನ ಹಬ್ಬ, ಕ್ರಿಸ್ಮಸ್ ಕಾಣಿಕೆ ಬಂದ ದಿನವೇ ಹನ್ನೆರಡರಿಂದ ಭಾಗಿಸಿ ತಿಂಗಳಿಗೊಂದು ಸಣ್ಣ ಠೇವಣಿ ಮಾಡಿಬಿಡಿ, ಪ್ರತಿ ತಿಂಗಳು ಒಂದು ಪಕ್ವವಾಗಲಿ. ಒಟ್ಟಿಗೆ ಖಾತೆಯಲ್ಲಿದ್ದರೆ ಯಾರಾದರೂ ಕಾಂಪೌಂಡ್ ಗೋಡೆ ಕಟ್ಟಿಸೋ ಠರಾವು ತರ್ತಾರೆ.

---

ಜಮಾಖರ್ಚು · 9 ಜುಲೈ 2025

ಎರಡು ಸೇರಿಕೆ. ಮಕ್ಕಳ ಮನೆಯ ಬಾಗಿಲಲ್ಲಿ ಕಾಣಿಕೆ ಡಬ್ಬಿ ಇದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 115ಬಿಬಿಸಿ ನೋಡಿ. ಅನಾಮಧೇಯ ದಾನ, ಒಟ್ಟು ದಾನದ ನೂರಕ್ಕೆ 5 ಅಥವಾ 1 ಲಕ್ಷ, ಯಾವುದು ಹೆಚ್ಚೋ ಅದನ್ನು ದಾಟಿದ ಭಾಗಕ್ಕೆ 30 ಶೇಕಡ ತೆರಿಗೆ. ವರ್ಷಕ್ಕೆ 30 ಲಕ್ಷ ದಾನದಲ್ಲಿ ಡಬ್ಬಿಯದ್ದು 4 ಲಕ್ಷ ಅಂದರೆ, 1.5 ಲಕ್ಷ ಬಿಟ್ಟು 2.5 ಲಕ್ಷಕ್ಕೆ 75 ಸಾವಿರ, ಮೇಲೆ ಸೆಸ್. ಪೂರ್ತಿ ಧಾರ್ಮಿಕ ಟ್ರಸ್ಟ್‌ಗೆ ಇದು ಅನ್ವಯಿಸಲ್ಲ, ನಿಮ್ಮಂಥ ಚಾರಿಟಬಲ್ ಟ್ರಸ್ಟ್‌ಗೆ ಅನ್ವಯಿಸುತ್ತೆ. ಡಬ್ಬಿ ತೆಗೆದು ಹೆಸರು–ವಿಳಾಸ ಬರೆಯೋ ಲಕೋಟೆ ಇಡಿ. ಅಷ್ಟು ದಾಖಲೆ ಇದ್ದರೆ ಅನಾಮಧೇಯ ಅಲ್ಲ. ಪ್ಯಾನ್ ಅಥವಾ ಆಧಾರ್ ಬೇಕಾಗೋದು 80ಜಿ ಕೇಳೋರಿಗೆ ಮಾತ್ರ, ಅದೂ ನಗದು 2,000 ದಾಟಿದರೆ ಅವರಿಗೆ ಕಡಿತ ಸಿಗಲ್ಲ.

ಸಭೆಯ ಟ್ರಸ್ಟ್ ಬೇರೆ, ಮಕ್ಕಳ ಮನೆಯ ಟ್ರಸ್ಟ್ ಬೇರೆ ಆಗಿದ್ದು, ಸಭೆ ತನ್ನ ಹಣದಿಂದ 1 ಲಕ್ಷ ಕೊಟ್ಟರೆ ಸಭೆಯ ವಿನಿಯೋಗಕ್ಕೆ ಲೆಕ್ಕ ಆಗೋದು 85 ಸಾವಿರ ಮಾತ್ರ. ಅದಕ್ಕೆ ಸದಸ್ಯರ ಮಾಸಿಕ ಹಣ ಸಭೆಯ ಖಾತೆ ಸುತ್ತಿ ಬರೋದು ಬೇಡ, ಆಟೋಪೇ ನೇರವಾಗಿ ಮಕ್ಕಳ ಮನೆಯ ಖಾತೆಗೇ ಇರಲಿ. ಕಾರ್ಪಸ್‌ನ 9 ಲಕ್ಷವನ್ನು ಪ್ರತ್ಯೇಕ ಠೇವಣಿ ಮಾಡಿಸಿ ಅದರ ಮೇಲೆ ಹಾಗೇ ಬರೆಸಿ. ಉಳಿದ 19 ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡದೆ ನಾಲ್ಕೈದು ಭಾಗ ಮಾಡಿ, ಒಂದನ್ನು ಮುರಿಯಬೇಕಾದರೆ ಮಿಕ್ಕದ್ದರ ಬಡ್ಡಿ ಕೆಡಬಾರದು.